ಶನಿಗ್ರಹದ ಸಂತೆ

ಪ್ರಭಾಕರರಿಗೆ ಬಂದ ಆಪತ್ತು ನೋಡಲು ಒಂದು ಗೋಡಂಬಿಯಷ್ಟೇ ಇತ್ತು. ಗುರುವಾರ ಬೆಳಿಗ್ಗೆ ಅದು ಅವರಿಗೆ ತಮ್ಮದೇ ಮನೆಯ ಒಣಕಸದ ಬುಟ್ಟಿಯಲ್ಲಿ ಸಿಕ್ಕಿತು. ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ, ಮೇಲೆ ನೂಲಿನಿಂದ ನಾಲ್ಕು ಸುತ್ತು ಬಿಗಿದ ಪೊಟ್ಟಣ. ಬಿಚ್ಚಿದರೆ ಒಳಗೆ ಬಾಗಿದ ಬೂದುಬಣ್ಣದ ಪ್ಲಾಸ್ಟಿಕ್ ಸಾಮಾನು, ಅದರ ತುದಿಗೆ ಶಾವಿಗೆ ಎಳೆಯಂಥ ನಳಿಕೆ. ಬೇರೆ ಯಾರಾದರೂ ಆಗಿದ್ದರೆ ಇದೇನು, ಯಾರದು ಎಂದು ನಾಲ್ಕು ಜನರನ್ನು ಕೇಳುತ್ತಿದ್ದರು. ಪ್ರಭಾಕರರ ಕಣ್ಣಿಗೆ ಅದು ಶನಿಗ್ರಹದಲ್ಲಿ ನೀರು ಇಳಿಸುವ ಯಂತ್ರವಾಗಿ ಕಂಡಿತು. ಜೇಬಿಗೆ ಸೇರಿಸಿದರು.

ನಾಸಿಕದ ಬ್ಯಾಂಕೊಂದರಲ್ಲಿ ಹಗಲೆಲ್ಲ ಅರ್ಜಿಗಳಿಗೆ ಸಹಿ ಹಾಕುವ ಈ ಮನುಷ್ಯ ಬಿಡುವಿನಲ್ಲಿ ಬೇರೊಂದು ಗ್ರಹದ ಸಂತೆ ಕಟ್ಟುತ್ತಿದ್ದರು. ಹೆಬ್ಬೆರಳುದ್ದದ ವ್ಯಾಪಾರಿಗಳು. ನಾಲ್ಕು ಕೈಯ ಬಳೆಗಾರ, ಮೂರು ಕಣ್ಣಿನ ಶುಂಠಿ ಮಾರುವಾಕೆ, ತಕ್ಕಡಿಯ ಕೆಳಗೆ ಬೆರಳಿಟ್ಟು ತೂಗುವ ಹಸಿರು ಮುದುಕ. ಗ್ರಹ ಯಾವುದಾದರೂ ತೂಕದಲ್ಲಿ ಮೋಸ ಇದ್ದೇ ಇರುತ್ತದೆ ಎಂಬುದು ಅವರ ನಂಬಿಕೆ. ಮುದುಕನ ಅಂಗಡಿಯ ತಗಡು ಖಾಲಿ ಮಾತ್ರೆಯ ಹಾಳೆಯದು, ಕೊಡಗಳು ಟೂತ್‌ಪೇಸ್ಟಿನ ಮುಚ್ಚಳ, ಕಂಬಗಳು ಬರೆದು ಮುಗಿದ ರೀಫಿಲ್ಲು. ಇದೆಲ್ಲ ಬರುತ್ತಿದ್ದುದು ಕಸದಿಂದ. ಬೆಳಿಗ್ಗೆ ಕಸದ ಘಂಟಾಗಾಡಿ ಹಾಡು ಹಾಕಿಕೊಂಡು ಗೇಟಿಗೆ ಬಂದಾಗ ಕಸ ಒಯ್ಯುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದರು. ಮೂರು ಮಹಡಿ ಇಳಿಯುವಷ್ಟರಲ್ಲಿ ಬೇಕಾದ್ದೆಲ್ಲ ಜೇಬಿನಲ್ಲಿರುತ್ತಿತ್ತು. ಹೆಂಡತಿ ಮಂದಾಕಿನಿ ಮಾತ್ರ, "ನಮ್ಮವ್ರು ಕಸದ ಕೆಲಸಕ್ಕೂ ನಾಚಂಗಿಲ್ಲ" ಎಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲೆಲ್ಲ ಹೊಗಳುತ್ತಿದ್ದಳು. ಬ್ಯಾಂಕಿನ ಅಧಿಕಾರಿ ಮೆಟ್ಟಿಲ ಮೇಲೆ ಕೂತು ಕಸ ಕೆದರುತ್ತಾನೆ ಎಂಬ ಗುಟ್ಟು ಹೊರಬಿದ್ದರೆ ಏನು ಗತಿ ಎಂಬ ಹೆದರಿಕೆ ಅವರಿಗೆ ದಿನವೂ ಇತ್ತು.

ಅದಕ್ಕಿಂತ ದೊಡ್ಡ ಹೆದರಿಕೆ ಅತ್ತೆ ರುಕ್ಮಿಣಿಬಾಯಿಯವರದು. ಕಲಬುರಗಿಯಲ್ಲಿ ಮೂವತ್ತು ವರ್ಷ ಶಾಲೆ ನಡೆಸಿದ ಹೆಡ್‌ಮಿಸ್ಟ್ರೆಸ್. ಎರಡು ತಿಂಗಳಿಂದ ಮಗಳ ಮನೆಯಲ್ಲಿದ್ದರು. ಅವರು ಕೋಣೆಗೆ ಬಂದರೆ ಐವತ್ತರ ಅಳಿಯ ಈಗಲೂ ಎದ್ದು ನಿಲ್ಲುತ್ತಿದ್ದರು.

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಸಂತೆಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ಸಂಭಾಜಿನಗರದ ಪುಟ್ಟ ಗೊಂಬೆಗಳ ಪ್ರದರ್ಶನಕ್ಕೆ ಪ್ರಭಾಕರರು ರೈಲು ಹತ್ತಿದರು. ಡಬ್ಬಿಯೊಳಗಿಂದ ಆಗಾಗ 'ಕುಂಯ್' ಎಂದು ಸದ್ದು. ಎದುರಿಗೆ ಕೂತ ಗೃಹಸ್ಥರು, ಇಲಿಮರಿ ಸಾಗಿಸುತ್ತಿದ್ದೀರೇನು ಎಂದು ಮರಾಠಿಯಲ್ಲಿ ಕೇಳಿ ಕಾಲು ಮೇಲೆತ್ತಿ ಕೂತರು. ರೈಲು ಮನ್ಮಾಡ್ ಬಿಟ್ಟು ಸ್ವಲ್ಪ ಹೊತ್ತಿಗೆ ಮಂದಾಕಿನಿಯ ಫೋನು ಬಂತು.

"ಕೇಳ್ರಿಲ್ಲೆ, ಅವ್ವನ ಕಿವಿ ಮಶೀನ್ ಕಳದದ! ಅಣ್ಣ ಪುಣೆಯಿಂದ ಫೋನ್ ಮಾಡಿ, ಹಾಕ್ಕೋತಾಳೋ ಇಲ್ಲೋ ಅಂತ ಕೇಳಿದ. ನೋಡಿದ್ರ ಇಲ್ಲ! ಅವ್ವನ್ನ ಕೇಳಿದ್ರ ಏನೂ ಕೇಳಸವಲ್ದು, ಸುಮ್ನ ಹ್ಞೂಂ ಹ್ಞೂಂ ಅಂತಾಳ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪ್ರಭಾಕರರ ಕೈ ತಾನಾಗಿ ಡಬ್ಬಿಯ ಮೇಲೆ ಹೋಯಿತು. "ಅದು... ನೋಡ್ಲಿಕ್ಕೆ ಹ್ಯಾಂಗಿರ್ತದ?"

"ಗೋಡಂಬಿ ಹಾಂಗ. ಒಂದು ಸಣ್ಣ ನಳಿ ಇರ್ತದ. ಮುಚ್ಚಿಟ್ರ ಕುಂಯ್ ಅಂತದ."

ಡಬ್ಬಿ ಕುಂಯ್ ಎಂದಿತು.

"ಏನ್ರೀ ಅದು ಸಪ್ಪಳ?"

"ರೈಲು" ಎಂದರು ಪ್ರಭಾಕರರು.

ಮನೆಯಲ್ಲೇ ಇದ್ದ ಸಾಮಾನಿನ ಗುರುತು ಸಿಗಲಿಲ್ಲವೇ ಎಂದು ಯಾರೂ ಕೇಳಬೇಡಿ. ಮಶೀನು ಬಂದು ತಿಂಗಳಾಗಿತ್ತು, ನಿಜ. ಆದರೆ ರುಕ್ಮಿಣಿಬಾಯಿ ಹಳೆಯ ಕಾಲದವರು. ಅಳಿಯನೆದುರು ಅವರ ತಲೆಯ ಮೇಲಿನ ಸೆರಗು ಎಂದೂ ಜಾರಿದ್ದಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಪ್ರಭಾಕರರು ಅತ್ತೆಯ ಕಿವಿಯನ್ನೇ ಕಂಡವರಲ್ಲ, ಕಿವಿಯ ಹಿಂದಿನ ಮಶೀನನ್ನು ಎಲ್ಲಿ ಕಂಡಾರು?

ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಹರಿದಾಸರು ಫೋನು ಕಸಿದುಕೊಂಡರು. ಬೀದರಿನವರು, ಪರರ ಮನೆಯ ಪಂಚಾಯಿತಿ ಎಂದರೆ ಊಟ ಬಿಟ್ಟು ಬರುವವರು. "ಪ್ರಭಾಕರರಾವ್, ನೀವು ಚಿಂತಿ ಮಾಡಬ್ಯಾಡ್ರಿ. ಅವ್ವಾರ ಖೋಲಿಗೆ ಹೋಗಾಕಿ ಒಬ್ಬಾಕಿನೇ, ನಿಮ್ಮ ಕೆಲಸದ ರಾಧಾಬಾಯಿ. ಆಕಿ ಚೀಲ ನೆಲಕ್ಕ ಸುರದು ನೋಡೀವಿ. ಸಂಜೀತನಕ ಮಶೀನ್ ಸಿಗಲಿಲ್ಲಂದ್ರ ಸೀದಾ ಪೊಲೀಸ್ ಚೌಕಿ!"

ಹಿಂದೆ ರಾಧಾಬಾಯಿಯ ಅಳು ಕೇಳಿಸಿತು: "ಮೀ ನಾಹಿ ಘೇತಲಂ, ತಾಈ!" ನಾನು ತಗೊಂಡಿಲ್ಲ ಎಂದು ಆಕೆ ಮತ್ತೆ ಮತ್ತೆ ಆಣೆ ಹಾಕುತ್ತಿದ್ದಳು. ಸಿಲ್ಲೋಡ್ ಕಡೆಯಿಂದ ಬಂದ ಹೆಂಗಸು, ಅದೇ ಸೊಸೈಟಿಯ ಐದು ಮನೆಯ ಕೆಲಸ. ಕಳ್ಳಿ ಎಂಬ ಒಂದು ಮಾತು ಬಿದ್ದರೆ ಐದೂ ಬಾಗಿಲು ಮುಚ್ಚುತ್ತವೆ. ಪ್ರಭಾಕರರು ಬಾಯಿ ತೆರೆದರು. ಅತ್ತೆಯ ಮುಖ ಕಣ್ಣೆದುರು ಬಂತು. ಬಾಯಿ ಮುಚ್ಚಿತು. "ನಾ... ನಾ ಬರೂತನಕ ಪೊಲೀಸರ ಕಡೆ ಹೋಗಬ್ಯಾಡ್ರಿ" ಎಂದಷ್ಟೇ ಹೇಳಿ ಫೋನಿಟ್ಟರು. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಡಬ್ಬಿ ತೆರೆದು ನೋಡಿದರು. ಯಂತ್ರ ಹಸಿರು ಮುದುಕನ ಅಂಗಡಿಗೆ ಫೆವಿಕ್ವಿಕ್‌ನಲ್ಲಿ ಬಂಡೆಯಂತೆ ಅಂಟಿತ್ತು. ಮೇಲೆ ತಾಮ್ರದ ಬಣ್ಣ, ಅದರ ಮೇಲೆ ಎರಡು ರಾತ್ರಿ ಕೂತು ಹಚ್ಚಿದ ತುಕ್ಕಿನ ಬಣ್ಣ. ಉಗುರಿನಿಂದ ಕೆರೆದರು, ಬರಲಿಲ್ಲ. ಬ್ಲೇಡು, ಥಿನ್ನರ್ ಸಿಗುವುದು ಪ್ರದರ್ಶನದಲ್ಲೇ. ತಿರುಗಿ ಹೋಗುವ ರೈಲೂ ಮಧ್ಯಾಹ್ನಕ್ಕೇ ಇತ್ತು.

ಶಾಲೆಯೊಂದರ ಹಾಲಿನಲ್ಲಿ ಪ್ರದರ್ಶನ. ನಡೆಸುವಾಕೆ ಅನುರಾಧಾ ಡಬ್ಬಿಯನ್ನು ತಾನೇ ಇಸಿದುಕೊಂಡು ಸಂತೆಯನ್ನು ಮೇಜಿನ ಮೇಲಿಟ್ಟಳು. ಎಲ್ಲೆಲ್ಲೂ ಅಂಗಡಿಯಲ್ಲಿ ಕೊಂಡ ರಣರಾಕ್ಷಸರು, ಕವಚ ತೊಟ್ಟ ಯೋಧರು. ನಡುವೆ ಇವರ ಬಡ ಬಳೆಗಾರ. ತೀರ್ಪುಗಾರರು ಇಬ್ಬರೂ ನೇರ ಇಲ್ಲಿಗೇ ಬಂದು, ಭೂತಗನ್ನಡಿ ಹಿಡಿದು ಯಂತ್ರದ ಮೇಲೆ ಬಗ್ಗಿಬಿಟ್ಟರು.

"ಎಂಥಾ ಕುಶಲತೆ! ಈ ಯಂತ್ರಕ್ಕೆ ಜೀವ ಇದ್ದಂತಿದೆ" ಎಂದರು ಒಬ್ಬರು ಮರಾಠಿಯಲ್ಲಿ.

ಯಂತ್ರ ಕುಂಯ್ ಎಂದಿತು.

"ಸದ್ದೂ ಮಾಡ್ತದೆ!" ಇನ್ನೊಬ್ಬರು ಚಪ್ಪಾಳೆ ತಟ್ಟಿದರು. ಅನುರಾಧಾ ಕಿವಿಯ ಹತ್ತಿರ ಬಂದು, ಮೊದಲ ಬಹುಮಾನ ನಿಮ್ಮದೇ ಸರ್, ನಾಲ್ಕು ಗಂಟೆಯವರೆಗೆ ಯಾರೂ ಮುಟ್ಟಬಾರದು ಎಂದಳು.

ಹನ್ನೊಂದು ವರ್ಷದಿಂದ ಗೊಂಬೆಯಾಟ ಎನ್ನಿಸಿಕೊಂಡಿದ್ದ ಕೆಲಸಕ್ಕೆ ಮೊದಲ ಬಹುಮಾನ! ಪ್ರಭಾಕರರ ಕಣ್ಣು ತುಂಬಿತು. ನಾಲ್ಕು ಗಂಟೆಗೆ ರೈಲು ಹೋಗಿಬಿಟ್ಟಿರುತ್ತದೆ. ರಾಧಾಬಾಯಿಯ ಚೀಲ ಅಲ್ಲಿ ನೆಲದ ಮೇಲೆ ಸುರಿದು ಬಿದ್ದಿದೆ. ಪಕ್ಕದ ಮೇಜಿನ ಬ್ಲೇಡು ಎತ್ತಿಕೊಂಡು, ದೇವರ ಹೆಸರು ಹೇಳಿ ಕೊಯ್ದೇಬಿಟ್ಟರು. 'ಚಟ್' ಎಂದು ಯಂತ್ರದೊಡನೆ ಅರ್ಧ ಅಂಗಡಿ, ಹಸಿರು ಮುದುಕನ ಒಂದು ಕಾಲು ಕಿತ್ತು ಬಂದವು. ಅನುರಾಧಾ ಚೀರಿದಳು. ಥಿನ್ನರಿನ ಶೀಶೆ ಬೇಡಿ ತೆಗೆದುಕೊಂಡು, ಪ್ರಭಾಕರರು ನಿಲ್ದಾಣಕ್ಕೆ ಓಡಿದರು.

ದಾರಿಯುದ್ದಕ್ಕೂ ತಿಕ್ಕಿದರು. ಮುದುಕನ ಕಾಲು ಬಿಟ್ಟಿತು, ಅಂಟು ಬಿಟ್ಟಿತು, ತುಕ್ಕು ಮಾತ್ರ ಬಿಡಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಇಡೀ ಮನೆಯನ್ನು ಬುಡಮೇಲು ಮಾಡಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಯಜಮಾನ ಒಯ್ದ ಡಬ್ಬಿಯೊಂದನ್ನು ಬಿಟ್ಟು ಎಲ್ಲವನ್ನೂ ಹುಡುಕಿದ್ದರು. ಮೂಲೆಯಲ್ಲಿ ರಾಧಾಬಾಯಿ ಮೊಣಕಾಲಿಗೆ ಮುಖವಿಟ್ಟು ಕೂತಿದ್ದಳು. ಹರಿದಾಸರು ಚಪ್ಪಲಿ ಮೆಟ್ಟಿ ಚೌಕಿಗೆ ಹೊರಟು ನಿಂತಿದ್ದರು. ರುಕ್ಮಿಣಿಬಾಯಿ ಮಾತ್ರ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತ, ಬಂದವರಿಗೆಲ್ಲ ಪ್ರಸನ್ನರಾಗಿ ಮುಗುಳ್ನಗುತ್ತಿದ್ದರು.

ಪ್ರಭಾಕರರು ಹರಿದಾಸರಿಗೆ ಅಡ್ಡ ನಿಂತರು. "ರಾಧಾಬಾಯಿ ತಗೊಂಡಿಲ್ಲ. ನಾ ತಗೊಂಡೀನಿ. ಕಸದ ಬುಟ್ಟಿಯಾಗಿಂದ." ಜೇಬಿನಿಂದ ತಾಮ್ರದ ಗೋಡಂಬಿ ತೆಗೆದು ಹಿಡಿದರು.

"ಕಸದ ಬುಟ್ಟಿಯಾಗ ಕೈ ಹಾಕಿದ್ರ್ಯಾ?" ಮಂದಾಕಿನಿಯ ದನಿ ಗೋಡೆ ಸೀಳುವಂತಿತ್ತು.

"ದಿನಾ ಹಾಕ್ತೀನಿ."

ಹರಿದಾಸರು ಎರಡು ಹೆಜ್ಜೆ ಹಿಂದೆ ಸರಿದರು. "ಮುದುಕಿ ಕಿವ್ಯಾಗಿಂದು ಕದ್ದು, ಬಣ್ಣ ಹೊಡದು, ಈಗ ಕಸದ ಕಥಿ ಹೇಳ್ತೀರಲ್ರಿ ರಾವಸಾಹೇಬ್ರ!" ಎಂದು, ಈ ಸುದ್ದಿಯನ್ನು ಬಿಸಿಬಿಸಿ ಮುಟ್ಟಿಸಲು ಮೆಟ್ಟಿಲಿಳಿದರು. ರಾಧಾಬಾಯಿ ಕಣ್ಣೊರೆಸಿಕೊಂಡು, ಚೀಲ ಎತ್ತಿಕೊಂಡು, ಹೋಗುವಾಗ ಇವರ ಕಾಲು ಮುಟ್ಟಿದಳು. ಇಡೀ ದಿನದಲ್ಲಿ ಪ್ರಭಾಕರರಿಗೆ ಸಿಕ್ಕ ಸುಖ ಅದೊಂದೇ.

ಮಂದಾಕಿನಿ ಮಶೀನನ್ನು ಒರೆಸಿ ತಾಯಿಯ ಸೆರಗಿನೊಳಗೆ ಕೈಹಾಕಿ ಕಿವಿಗೆ ಕೂಡಿಸಿದಳು. ಕುಂಯ್. ರುಕ್ಮಿಣಿಬಾಯಿಯ ಮುಗುಳ್ನಗೆ ಮಾಯವಾಯಿತು. ಅಳಿಯನಿಗೆ ಕಣ್ಣಲ್ಲೇ ಬಾಲ್ಕನಿಗೆ ಬರಲು ಹೇಳಿದರು. ಹಿಂದಿನಿಂದ ಹೋದ ಪ್ರಭಾಕರರು ಗೋಡೆಗೆ ಬೆನ್ನು ಹಚ್ಚಿ ನಿಂತರು.

"ಇದನ್ನ ಯಾಕ ತಂದ್ರಿ?" ಎಂದರು ಅತ್ತೆ, ಪಿಸುದನಿಯಲ್ಲಿ.

"ಅತ್ತಿಯವರ, ತಪ್ಪಾತ್ರಿ..."

"ತಪ್ಪ ಆತು. ಕ್ಯಾಲೆಂಡರ್ ಹಾಳ್ಯಾಗ ಸುತ್ತಿ, ನೂಲು ಬಿಗದು ಒಗದಿದ್ದೆ. ಎರಡು ದಿನಾ ಎಷ್ಟು ಸುಖ ಇತ್ತು! ಮಿಕ್ಸರಿಲ್ಲ, ಹರಿದಾಸನ ಹಾರ್ಮೋನಿಯಂ ಇಲ್ಲ, ನಿಮ್ಮಿಬ್ಬರ ಜಗಳಿಲ್ಲ."

"ಮತ್ತ ರಾಧಾಬಾಯಿನ್ನ ಅಷ್ಟು ಬೈದ್ರು, ನೀವು ಸುಮ್ನ ಕೂತ್ರಲ್ರಿ!"

"ನನಗೆಲ್ಲಿ ಕೇಳಸ್ತದ? ಹರಿದಾಸ ಸತ್ಯನಾರಾಯಣ ಪೂಜಾಕ್ಕ ಕರೀಲಿಕ್ಕೆ ಬಂದಾನಂತ ತಿಳದಿದ್ದೆ. ಪಾಪ, ಆಕಿಗೆ ನಾಳೆ ನಂದೊಂದು ಸೀರಿ ಕೊಡ್ತೀನಿ."

"ಹಂಗಾದ್ರ ಒಳಗ ಬಂದು ಒಂದು ಮಾತು ಹೇಳ್ರಿ ಮತ್ತ, ನೀವ ಒಗದಿದ್ರಿ ಅಂತ!"

ರುಕ್ಮಿಣಿಬಾಯಿ ದಡ್ಡ ಹುಡುಗನನ್ನು ನೋಡುವಂತೆ ನೋಡಿದರು. "ಮಗ ಪ್ರೀತಿಲೆ ಕೊಡಿಸ್ಯಾನ. ಒಗದೆ ಅಂದ್ರ ನೊಂದ್ಕೋತಾನ. ನಿಮ್ಮ ಹೆಸರಂತೂ ಕೆಟ್ಟೇ ಹೋಗ್ಯದ. ಇರಲಿ ಬಿಡ್ರಿ."

ಮರುದಿನ ಬೆಳಿಗ್ಗೆ ಘಂಟಾಗಾಡಿಯ ಹಾಡು ಕೇಳಿ ಪ್ರಭಾಕರರು ಅಭ್ಯಾಸಬಲದಿಂದ ಎದ್ದರು. ಬುಟ್ಟಿ ಆಗಲೇ ಅತ್ತೆಯ ಕೈಯಲ್ಲಿತ್ತು. "ಇನ್ನ ಮ್ಯಾಲ ಕಸ ನಾನ ಒಯ್ತೀನಿ. ಅಳಿಯನ ಕೈಲೆ ಹೊರಸೂದು ಚಂದಲ್ಲ" ಎಂದು ಇಳಿದು ಹೋದರು.

ಪ್ರಭಾಕರರು ಬಾಲ್ಕನಿಯಿಂದ ನೋಡಿದರು. ಮಾತ್ರೆಯ ಹಾಳೆ ಹೋಯಿತು, ಟೂತ್‌ಪೇಸ್ಟಿನ ಮುಚ್ಚಳ ಹೋಯಿತು. ಕೊನೆಗೆ ಅತ್ತೆ ಅತ್ತಿತ್ತ ನೋಡಿ, ಸೆರಗಿನಡಿಯಿಂದ ಕ್ಯಾಲೆಂಡರ್ ಹಾಳೆಯ ಪುಟ್ಟ ಪೊಟ್ಟಣವೊಂದನ್ನು ತೆಗೆದು ಗಾಡಿಯೊಳಕ್ಕೆ ಹಾಕಿದರು. ಈ ಸಲ ನೂಲು ಎಂಟು ಸುತ್ತು ಇದ್ದಂತಿತ್ತು. ಗಾಡಿ ಹಾಡುತ್ತ ಹೊರಟುಹೋಯಿತು. ಪ್ರಭಾಕರರು ಒಳಗೆ ಬಂದು ಗೊಂಬೆಗೆ ಬಣ್ಣ ಹಚ್ಚುವ ತಮ್ಮ ಮೇಜಿನ ಮುಂದೆ ಕೂತರು.

ಅತ್ತೆ ಮೇಲೆ ಬರುವಷ್ಟರಲ್ಲಿ ಮಂದಾಕಿನಿ ಬಾಗಿಲಲ್ಲೇ ಇದ್ದಳು. "ಅವ್ವಾ, ಮಶೀನ್ ಎಲ್ಲಿ?" ಎಂದು ಕಿವಿ ಮುಟ್ಟಿ ತೋರಿಸಿ ಕೂಗಿದಳು.

ರುಕ್ಮಿಣಿಬಾಯಿಗೆ ಒಂದಕ್ಷರವೂ ಕೇಳಿಸಲಿಲ್ಲ. ಆದರೆ ಪ್ರಶ್ನೆ ಅರ್ಥವಾಯಿತು. ಪ್ರಸನ್ನರಾಗಿ ಮುಗುಳ್ನಕ್ಕು, ಮೆಲ್ಲನೆ ಕೈಯೆತ್ತಿ, ಅಳಿಯನ ಬಣ್ಣದ ಮೇಜಿನ ಕಡೆಗೆ ಬೆರಳು ತೋರಿಸಿದರು.

ಪ್ರಭಾಕರರು ಎದ್ದು ನಿಂತರು.