ಸೊರಬಕ್ಕೆ ಹೋದ ಕಂಪ್ಯೂಟರು

ಪಕ್ಕದ ಮನೆಗೆ ಫ್ರಿಜ್ಜು ಬಂದರೆ ಸಹಿಸಿಕೊಳ್ಳುವಷ್ಟು ವೈರಾಗ್ಯ ನನಗಿದೆ. ಷಡ್ಡಕ ಸ್ಕೂಟರು ಕೊಂಡಾಗಲೂ, ಕೆಲವು ದಿನ ಊಟ ರುಚಿಸಲಿಲ್ಲ ಎಂಬುದನ್ನು ಬಿಟ್ಟರೆ, ನಾನು ಸ್ಥಿತಪ್ರಜ್ಞನಾಗಿಯೇ ಇದ್ದೆ. ಆದರೆ ತೊಂಬತ್ತರ ದಶಕದಲ್ಲಿ, ಎರಡು ತಾಲ್ಲೂಕುಗಳ ರಸ್ತೆಗಳ ಮಾಹಿತಿ ಇಡಲೆಂದು ಬಂದ ಒಂದೇ ಒಂದು ಕಂಪ್ಯೂಟರು ನಾನು ಇಂಜಿನಿಯರಾಗಿದ್ದ ಶಿಕಾರಿಪುರದ ಕಚೇರಿಯನ್ನು ಬಿಟ್ಟು ಸೊರಬಕ್ಕೆ ಹೋಗಿ ಕುಳಿತಾಗ ಆ ವೈರಾಗ್ಯ ಬಿಸಿಲಿನ ಡಾಂಬರಿನಂತೆ ಕರಗಿತು.

ಸೊರಬದ ಇಂಜಿನಿಯರು ರುದ್ರಯ್ಯ ನನ್ನ ಸಹಪಾಠಿ. ಯಂತ್ರದ ದರ್ಶನಕ್ಕೆ ಹೋದೆ. ಅದಕ್ಕೆ ಪ್ರತ್ಯೇಕ ಕೋಣೆ, ಕಿಟಕಿಗೆ ಪರದೆ, ನೆತ್ತಿಯ ಮೇಲೆ ಕುಂಕುಮ. ಚಪ್ಪಲಿ ಹೊರಗೇ ಬಿಡಬೇಕು. ನನ್ನ ಇಷ್ಟು ವರ್ಷಗಳ ಸೇವೆಯಲ್ಲಿ ನನ್ನ ಕೋಣೆಯ ಮುಂದೆ ಯಾರೂ ಚಪ್ಪಲಿ ಬಿಟ್ಟದ್ದಿಲ್ಲ.

"ರಸ್ತೆ ಹುಟ್ಟಿದಾಗಿನಿಂದ ಸಾಯೋವರೆಗೂ ಎಲ್ಲಾ ಇದರಲ್ಲೇ ಕಣೋ," ಎಂದ ರುದ್ರಯ್ಯ. "ಯಾವಾಗ ಡಾಂಬರು ಹಾಕಿದ್ದು, ಈಗ ಹೆಂಗಿದೆ, ಎಲ್ಲಾ. ನಿನ್ನವನ್ನೂ ಬರ್ಕೊಂಡು ಬಾ, ಸೇರಿಸ್ಕೊಳ್ತೀನಿ." ಅನಾಥ ಮಕ್ಕಳನ್ನು ಸೇರಿಸಿಕೊಳ್ಳುವವರ ಧ್ವನಿ ಅದು.

ಕಂಪ್ಯೂಟರಿನ ಪರದೆಯ ಮೇಲೆ ಅವನ ರಸ್ತೆಗಳಲ್ಲಿ ಅರ್ಧಕ್ಕರ್ಧಕ್ಕೆ 'ಕೆಟ್ಟಿದೆ' ಎಂದಿತ್ತು. ಅವನ ಯಂತ್ರದಲ್ಲಿ ನನ್ನ ರಸ್ತೆಗಳೇ ಮಿಂಚಬೇಕೆಂದು ಅಲ್ಲೇ ಸಂಕಲ್ಪ ಮಾಡಿದೆ. ಎಲ್ಲಕ್ಕೂ 'ಉತ್ತಮ' ಎಂದು ಬರೆದು ಕೊಟ್ಟೆ. ಎಮ್ಮೆಗಳು ಹೊಂಡದಲ್ಲಿ ಮಲಗುತ್ತಿದ್ದ ತಾಳಗುಂದದ ರಸ್ತೆಗಂತೂ 'ಅತ್ಯುತ್ತಮ'.

ಕಂಪ್ಯೂಟರು ಪಾಪ, ಹೇಳಿದ್ದನ್ನು ನಂಬುತ್ತದೆ. ಅದು ತೋರಿಸಿದ ಕೆಟ್ಟ ರಸ್ತೆಗಳಿಗೇ ಆ ವರ್ಷದ ರಿಪೇರಿ ಮಂಜೂರಾಯಿತು. ಸೊರಬಕ್ಕೆ ಡಾಂಬರು ಹರಿಯಿತು. ನನಗೆ ಒಂದು ಬುಟ್ಟಿ ಜಲ್ಲಿಯೂ ಬರಲಿಲ್ಲ.

ಮಳೆಗಾಲದಲ್ಲಿ ತಾಳಗುಂದದ ಶಿವಬಸಪ್ಪನವರು ಕಚೇರಿಗೆ ಬಂದರು. "ನಮ್ಮ ರಸ್ತೆ ಈ ಸಲಾನೂ ಇಲ್ಲೇನ್ರೀ ಸಾಹೇಬ್ರೆ?"

"ಕಂಪ್ಯೂಟರಿನಲ್ಲಿ ನಿಮ್ಮ ರಸ್ತೆ ಚೆನ್ನಾಗಿದೆಯಲ್ಲ," ಎಂದೆ.

"ಹಂಗಾರೆ ಬಸ್ಸು ಆ ಕಂಪ್ಯೂಟರ್ ಮ್ಯಾಲೇ ಬಿಡ್ರಿ. ಊರಿಗೆ ಬರೋ ಬಸ್ಸು ನಿಂತೋಗೈತಿ. ಮಗಳು ತುಂಬು ಬಸುರಿ. ಆ ಹೊಂಡದಾಗೆ ಗಾಡಿ ಕಟ್ಕೊಂಡು ಹೆಂಗ್ರೀ ಆಸ್ಪತ್ರೆಗೆ ಒಯ್ಯೋದು?"

ಅಂದೇ ಸೊರಬಕ್ಕೆ ಓಡಿದೆ. ನನ್ನ ರಸ್ತೆಯನ್ನು ಕೆಟ್ಟದ್ದು ಮಾಡಪ್ಪಾ ಎಂದು ಬೇಡಿಕೊಂಡೆ.

ರುದ್ರಯ್ಯ ನಕ್ಕ. "ಅತ್ಯುತ್ತಮ ಇದ್ದದ್ದು ಇಷ್ಟು ಬೇಗ ಹೆಂಗೋ ಹಾಳಾತು ಅಂತ ಮೇಲಿನವ್ರು ಕೇಳಿದ್ರೆ? ವಿಚಾರಣೆ ನಿನ್ನ ಮೇಲೇ ಬರುತ್ತೆ. ಅದು ಆಮೇಲಿಂದು. ನನ್ನ ರಸ್ತೆ ಕೆಲಸದಲ್ಲಿ ಉಳಿದಿರೋ ಜಲ್ಲೀನ ಲಾರೀಲಿ ಈಗ್ಲೇ ಕಳಿಸ್ತೀನಿ, ಮೊದ್ಲು ಹೊಂಡ ಮುಚ್ಚು."

ಕಂಪ್ಯೂಟರು ಅವನದಾಗಿದ್ದನ್ನು ಹೇಗೋ ಸಹಿಸಿದ್ದೆ. ದೊಡ್ಡ ಮನಸ್ಸೂ ಅವನದೇ ಆದದ್ದನ್ನು ಸಹಿಸುವುದು ಕಷ್ಟವಾಯಿತು. ವಾಪಸು ಬರುವಾಗ ಬಸ್ಸು ಅವನ ಹೊಸ ಡಾಂಬರಿನ ಮೇಲೆ ತೊಟ್ಟಿಲಿನಂತೆ ಸಾಗುತ್ತಿತ್ತು. ಹೊಟ್ಟೆಯುರಿಯುತ್ತಿದ್ದರೂ ಕಣ್ಣು ಹತ್ತಿತು. ಒಮ್ಮೆಲೇ ತಲೆ ಕಿಟಕಿಯ ಸರಳಿಗೆ ಬಡಿದು ಎಚ್ಚರವಾಯಿತು.

"ಏಳ್ರಿ ಸಾರ್," ಎಂದ ಕಂಡಕ್ಟರು, "ನಿಮ್ಮ ತಾಲ್ಲೂಕು ಬಂತು."