ಮೇಷ್ಟ್ರ ಮರಕ್ಕೆ ನನ್ನ ಐ.ಸಿ.ಯು.

ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಯಾರೂ ‘ಎ.ಸಿ.’ ಎಂಬ ಎರಡಕ್ಷರವನ್ನು ಬಾಯಿಂದ ಹೊರಡಿಸುವಂತಿಲ್ಲ. ಹೊರಡಿಸಿದವರು ಆ ದಿನದ ಅಷ್ಟೂ ಪಾತ್ರೆ ತೊಳೆಯಬೇಕು. ಈ ಕಾನೂನು ತಂದವನು ನಾನು. (ತಂದ ಮೇಲೆ ಬಹಳ ಕಾಲ ಒಂದು ಚಮಚವನ್ನೂ ತೊಳೆಯದವನೂ ನಾನೇ.)

ಇದೇನು ಹುಚ್ಚಾಟ ಎನ್ನಬೇಡಿ. ನಾನು ಎ.ಸಿ. ಮೆಕ್ಯಾನಿಕ್. (ಬರೆದರೆ ದಂಡವಿಲ್ಲ, ಉಚ್ಚರಿಸಿದರೆ ಮಾತ್ರ.) ಅದೂ ಅಂತಿಂಥ ಮೆಕ್ಯಾನಿಕ್ ಅಲ್ಲ. ಯಂತ್ರದ ಗೊರಗೊರ ಕೇಳಿಯೇ ಅದರ ಕಾಯಿಲೆ ಹೇಳಿಬಿಡುತ್ತೇನೆ. ಗಿರಾಕಿಗಳು ನನ್ನನ್ನು ‘ತಂಪು ಡಾಕ್ಟ್ರು’ ಎಂದೇ ಕರೆಯುವುದು. ಬೇಸಿಗೆ ಬಂತೆಂದರೆ ಬೆಳಗ್ಗೆ ಏಳರಿಂದ ಸಂಜೆಯವರೆಗೆ ಇಡೀ ಊರು ಆ ಎರಡಕ್ಷರವನ್ನೇ ಜಪಿಸುತ್ತಿರುತ್ತದೆ. ಮನೆಗೆ ಬಂದ ಮೇಲೂ ಅದೇ ಕೇಳಬೇಕೆಂದರೆ ಮನುಷ್ಯನ ಕಿವಿಗೂ ಒಂದು ಮಿತಿ ಇರಬೇಡವೇ?

ನಮ್ಮ ಮನೆಯಲ್ಲೂ ಒಂದಿದೆ, ಅತ್ತೆಯ ಕೋಣೆಯಲ್ಲಿ. ನಾನೇ ಕೂರಿಸಿದ್ದು. ಅದರ ಹೊರಗಿನ ಪೆಟ್ಟಿಗೆ ಹಿಂದಿನ ಬಾಲ್ಕನಿಯ ಗೋಡೆಗಿದೆ. ಅದರ ಮುಖ ಕಂಡರೆ ಡ್ಯೂಟಿ ನೆನಪಾಗುತ್ತದೆಂದು ಸುತ್ತಲೂ ಮರದ ಪಟ್ಟಿ ಹೊಡೆದು, ಹಸಿರು ಬಣ್ಣ ಬಳಿದು, ಅಂದವಾಗಿ ಮರೆಮಾಡಿದ್ದೇನೆ. ನೋಡಿದವರು ಅಲಂಕಾರದ ಕಿಟಕಿ ಎಂದುಕೊಳ್ಳಬೇಕು, ಹಾಗೆ. ಎಷ್ಟು ಚೆನ್ನಾಗಿ ಮುಚ್ಚಿದೆನೆಂದರೆ, ಕೆಲವು ದಿನಗಳಲ್ಲಿ ನನಗೇ ಮರೆತುಹೋಯಿತು.

ಈಗ ಮರದ ವಿಷಯಕ್ಕೆ ಬರುತ್ತೇನೆ. ನನಗೆ ಈ ವಿದ್ಯೆ ಕಲಿಸಿದ ಮೇಷ್ಟ್ರು ಇಪ್ಪತ್ತನಾಲ್ಕು ವರ್ಷ ಸಾಕಿದ ಬೋನ್ಸಾಯ್ ಅದು. ಆಸ್ಟ್ರೇಲಿಯದ ಬಾಟಲ್ ಬ್ರಷ್ ಮರ. ಎತ್ತರ ಒಂದೂವರೆ ಗೇಣು, ಗತ್ತು ಮಾತ್ರ ಮಹಾವೃಕ್ಷದ್ದು. ಹೂ ಬಿಟ್ಟರೆ ಬಾಟಲಿ ತೊಳೆಯುವ ಕೆಂಪು ಬ್ರಷ್ಷಿನ ಹಾಗೇ ಇರುತ್ತದೆ. ಮೇಷ್ಟ್ರು ಬಾಲ್ಕನಿಯಿಲ್ಲದ ಮಗಳ ಮನೆಗೆ ಹೊರಟಾಗ ಅದನ್ನು ನನ್ನ ಕೈಗಿಟ್ಟು ಹೇಳಿದರು: “ಇದಕ್ಕೂ ನನ್ನ ಮಗಳಿಗೂ ಒಂದೇ ವರ್ಷ ವ್ಯತ್ಯಾಸ ಕಣಪ್ಪ. ಬೇಸಿಗೆ ಕಳೀತಿದ್ದ ಹಾಗೆ ನನ್ನ ಕಣ್ಣಿನ ಆಪರೇಷನ್. ಪಟ್ಟಿ ಬಿಚ್ಚಿದ ಮೇಲೆ ನಾನು ಮೊದಲು ನೋಡೋದು ಇದನ್ನೇ.”

ಊರಿನಲ್ಲಿ ಅವರಿಗೆ ನೂರಾರು ಶಿಷ್ಯರಿದ್ದಾರೆ. ಕೊಟ್ಟದ್ದು ನನಗೆ! ಆ ದಿನ ನಾನು ಮೆಟ್ಟಿಲು ಹತ್ತಿದ್ದು ನೆನಪಿಲ್ಲ, ತೇಲಿಕೊಂಡೇ ಎರಡನೇ ಮಹಡಿಗೆ ಬಂದಿರಬೇಕು.

ಅತ್ತೆ ಕನ್ನಡಕ ಏರಿಸಿ ನೋಡಿದರು. “ಇಪ್ಪತ್ನಾಲ್ಕು ವರ್ಷಕ್ಕೆ ಇಷ್ಟೇನಾ ಬೆಳೆದಿರೋದು? ಪಾಪ, ಹೊಟ್ಟೆಗೆ ಸರಿಯಾಗಿ ಹಾಕಿಲ್ಲ ಅಂತ ಕಾಣುತ್ತೆ.”

“ಅತ್ತೆ, ಇದು ಕಲೆ.”

“ಎಲ್ಲಿ? ನೀರು ಹಾಕಿ ಒರೆಸಿದ್ರೆ ಹೋಗಲ್ವಾ?”

ಮರ ಮೊದಲು ಮುಂದಿನ ಬಾಲ್ಕನಿಯಲ್ಲಿತ್ತು. ಅಷ್ಟರಲ್ಲಿ ಬಂತು ನೋಡಿ ಆ ವರ್ಷದ ಬಿಸಿಲು! ಮುಂದಿನ ಬಾಲ್ಕನಿಯ ಕಂಬಿ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ನಾನೇನು ದಡ್ಡನೇ? ಕೂಡಲೇ ಮರವನ್ನು ಬಿಸಿಲೇ ಬೀಳದ ಹಿಂದಿನ ಬಾಲ್ಕನಿಗೆ ಸ್ಥಳಾಂತರಿಸಿ, ನನ್ನ ಹಸಿರು ಪಟ್ಟಿಗಳ ಮುಂದೆ ಒಂದು ಮೊಳ ದೂರದಲ್ಲಿ ಸ್ಟ್ಯಾಂಡ್ ಇಟ್ಟು ಪ್ರತಿಷ್ಠಾಪಿಸಿದೆ. ಹಸಿರು ಹಿನ್ನೆಲೆಗೆ ಮರ ಚಕ್ರವರ್ತಿಯಂತೆ ಮೆರೆಯಿತು. ಗಾಳಿಗೆ ಬೀಳಬಾರದೆಂದು ಕುಂಡವನ್ನು ಸ್ಟ್ಯಾಂಡಿಗೂ, ಸ್ಟ್ಯಾಂಡನ್ನು ಕಂಬಿಗೂ ತಾಮ್ರದ ತಂತಿಯಿಂದ ಬಿಗಿದೆ. ‘ಯಾರೂ ಮುಟ್ಟಬಾರದು’ ಎಂದು ಚೀಟಿ ಅಂಟಿಸಿದೆ.

ಹನ್ನೊಂದು ದಿನ ನಾನು ಹಗಲು ಮನೆಯ ಮುಖ ನೋಡಲಿಲ್ಲ. ಊರಿನ ಯಂತ್ರಗಳೆಲ್ಲ ಒಟ್ಟಿಗೇ ಕೈಕೊಟ್ಟಿದ್ದವು. ಕತ್ತಲಾದ ಮೇಲೆ ಬಂದು ಕುಂಡಕ್ಕೆ ನೀರು ಹನಿಸಿ ಮಲಗುತ್ತಿದ್ದೆ. ಹನ್ನೆರಡನೆಯ ದಿನ ಭಾನುವಾರ. ಬೆಳಗಿನ ಬೆಳಕಲ್ಲಿ ಮರ ನೋಡಿದೆ. ಹಸಿರು ಮರ ಹೋಗಿ ಕಾಫಿಪುಡಿ ಬಣ್ಣದ ಮರ ನಿಂತಿತ್ತು. ಒಂದು ಎಲೆ ಮುಟ್ಟಿದೆ. ಗರಿಗರಿ ಎಂದು ಪುಡಿಯಾಯಿತು. ನನ್ನ ಎದೆಯೂ ಹಾಗೇ ಆಯಿತು. ಮೇಷ್ಟ್ರು ಬರಲು ಸರಿಯಾಗಿ ಎಂಟು ವಾರವಿತ್ತು.

“ಯಾರಿದನ್ನ ಸುಟ್ಟಿದ್ದು?” ಎಂದು ಅರಚಿದೆ.

ಅತ್ತೆ ಬಿಸಿನೀರು ಸುರಿದಿರಬಹುದೆಂದು ಶಂಕಿಸಿದೆ. ಅವರು ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. (ಅದರಿಂದ ನನಗೆ ತೊಂದರೆಯೇನೂ ಆಗಲಿಲ್ಲ.) ಆಮೇಲೆ ಎದುರು ಕಟ್ಟಡದ ವಕೀಲರ ಕಿಟಕಿ ಗಾಜು ಕಣ್ಣಿಗೆ ಬಿತ್ತು. ಬಿಸಿಲು ಅದಕ್ಕೆ ಬಡಿದು ನನ್ನ ಮರದ ಮೇಲೆ ಬಿದ್ದಿದೆ! ಕಾಲು ಕೆರೆದುಕೊಂಡು ಜಗಳಕ್ಕೆ ಹೋದೆ. ಅವರು ಬಂದು ಮರವನ್ನು ಸುತ್ತಿ ನೋಡಿದರು.

“ಸ್ವಾಮಿ, ನನ್ನ ಗಾಜು ಇರೋದು ಈ ಕಡೆ. ಮರ ಹೆಚ್ಚು ಸುಟ್ಟಿರೋದು ಗೋಡೆ ಕಡೆ.”

“ಬೆಳಕು ಗೋಡೆಗೆ ಬಡಿದು ವಾಪಸ್ ಬಂದಿದೆ.”

“ಹಾಗಾದ್ರೆ ಗೋಡೆ ಮೇಲೆ ಕೇಸು ಹಾಕಿ” ಎಂದು ಹೋದರು. ಆದರೂ ಒಳ್ಳೆಯ ಮನುಷ್ಯ, ಮರುದಿನವೇ ಕಿಟಕಿಗೆ ಹಳೇ ಪತ್ರಿಕೆ ಅಂಟಿಸಿದರು. ಒಬ್ಬ ವಕೀಲನನ್ನು ವಾದದಲ್ಲಿ ಸೋಲಿಸಿದ ಹೆಮ್ಮೆ ನನಗೆ ಬಹಳ ದಿನ ಇತ್ತು.

ನನ್ನ ಹೆಂಡತಿ ದೊಡ್ಡಾಸ್ಪತ್ರೆಯ ಐ.ಸಿ.ಯು.ವಿನಲ್ಲಿ ಹೆಡ್ ನರ್ಸ್. ಮಾತು ಕಡಿಮೆ. ಮರ ಸುಟ್ಟದ್ದು ಕಂಡ ಆ ಭಾನುವಾರವೇ ಅವಳೂ ಬಂದು ನೋಡಿದಳು, ಆ ಬದಿ ಈ ಬದಿ ನೋಡಿದಳು, ಪಟ್ಟಿಗಳ ಮುಂದೆ ಅಂಗೈ ಹಿಡಿದಳು. ಆಮೇಲೆ ನನ್ನ ಹತ್ತಿರ ಬಂದು, “ರೀ, ಮಧ್ಯಾಹ್ನ ಹೊತ್ತು ಆ ಎ.ಸಿ. ...” ಎಂದಳು.

“ಪಾತ್ರೆ!” ಎಂದು ನಾನು ಕೂಗಿದೆ.

“ಅಯ್ಯೋ, ಪೂರ್ತಿ ಕೇಳ್ರೀ. ಆ ಹಸಿರು ಪಟ್ಟಿ ಇದೆಯಲ್ಲ...”

“ಬಣ್ಣದ ವಿಷಯ ಆಮೇಲೆ! ಮೊದಲು ಪಾತ್ರೆ. ಇಲ್ಲಿ ಒಂದು ಜೀವ ಹೋಗ್ತಾ ಇದೆ, ನಿಂಗೆ ಬಣ್ಣದ ಚಿಂತೆ. ರೋಗೀನ ನೋಡ್ಕೊಳ್ಳೋದು ಅಂದ್ರೆ ಏನು ಅಂತ ನಿಂಗೇನು ಗೊತ್ತು?”

(ಹೌದು, ಇದನ್ನು ನಾನು ಹೆಡ್ ನರ್ಸಿಗೇ ಹೇಳಿದೆ.)

ಅವಳು “ಸರಿ” ಎಂದಳು. ಪಾತ್ರೆ ತೊಳೆದಳು. ಆಮೇಲೆ ಅತ್ತೆಯ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಏನೋ ಪಿಸುಗುಟ್ಟಿದಳು. ತಾಯಿ ಮಗಳ ಮಾತು, ನನಗೇಕೆ ಎಂದು ಸುಮ್ಮನಾದೆ.

ಅಂದಿನಿಂದ ಶುರುವಾಯಿತು ನನ್ನ ಮಹಾಶುಶ್ರೂಷೆ. ಮೊದಲು ಉಗುರಿನಿಂದ ಕಾಂಡದ ತೊಗಟೆಯನ್ನು ಚೂರೇ ಚೂರು ಕೆರೆದೆ. ಇದು ಮೇಷ್ಟ್ರು ಹೇಳಿಕೊಟ್ಟ ಪರೀಕ್ಷೆ: ಒಳಗೆ ಕಂದು ಬಣ್ಣವಿದ್ದರೆ ಸತ್ತಿದೆ, ಹಸಿರಿದ್ದರೆ ಜೀವವಿದೆ. ಕೊಂಬೆಗಳೆಲ್ಲ ಕಂದು. ಬುಡದ ಹತ್ತಿರ ಕೆರೆದಾಗ ಒಂದು ಎಳೆ ಹಸಿರು ಕಂಡಿತು, ಪೆನ್ನಿನ ಗೀಟಿನಷ್ಟು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಗೊಬ್ಬರ ಹಾಕಲಿಲ್ಲ. ಸುಸ್ತಾದ ಬೇರಿಗೆ ಊಟ ತುರುಕಬಾರದು. ಸತ್ತ ಕೊಂಬೆಗಳನ್ನು ಅವಸರದಿಂದ ಕತ್ತರಿಸಲೂ ಇಲ್ಲ. ಕುಂಡವನ್ನು ಅದೇ ಸ್ಟ್ಯಾಂಡಿನ ಮೇಲೆ ಅಗಲ ತಟ್ಟೆಯಲ್ಲಿಟ್ಟು, ಮತ್ತೆ ತಂತಿ ಬಿಗಿದು, ಬೆರಳು ಮುಳುಗುವಷ್ಟು ನೀರು, ಬೆಳಿಗ್ಗೆ ಸಂಜೆ ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ಸಿಂಪಡಣೆ. ಆ ಬಾಟಲಿಯನ್ನು ನಾನಲ್ಲದೆ ಬೇರೆಯವರು ಮುಟ್ಟುವಂತಿರಲಿಲ್ಲ. ಪಕ್ಕದಲ್ಲಿ ಥರ್ಮಾಮೀಟರು, ಗೋಡೆಗೆ ಚಾರ್ಟು. ಬೆಳಿಗ್ಗೆ ಆರೂವರೆಗೆ ಉಷ್ಣತೆ ಬರೆಯುತ್ತಿದ್ದೆ, ಸಂಜೆ ಕತ್ತಲಾದ ಮೇಲೆ ಬರೆಯುತ್ತಿದ್ದೆ. ಎರಡೂ ಹೊತ್ತು ಸೊಗಸಾಗಿತ್ತು.

ಹೆಂಡತಿ ಚಾರ್ಟು ನೋಡಿ ಕೇಳಿದಳು: “ಮಧ್ಯಾಹ್ನದ ಕಾಲಂ ಎಲ್ಲಿ?”

“ಮಧ್ಯಾಹ್ನ ನಾನು ಮನೇಲಿರಲ್ಲವಲ್ಲ.”

“ನೀವಿಲ್ಲದಿದ್ರೆ ಮಧ್ಯಾಹ್ನ ಆಗಲ್ವಾ?”

ಅಸೂಯೆ ಅಂದುಕೊಂಡೆ. ಇಡೀ ಆಸ್ಪತ್ರೆಯಲ್ಲಿ ಅವಳ ಚಾರ್ಟಿಗೆ ಹೆಸರಿದೆ, ಈಗ ಮನೆಯಲ್ಲೇ ಪೈಪೋಟಿ.

ಈ ನಡುವೆ ಅತ್ತೆಯಲ್ಲಿ ಒಂದು ವಿಚಿತ್ರ ಬದಲಾವಣೆ ಕಂಡೆ. ಭಾನುವಾರ ಮಧ್ಯಾಹ್ನ ನೋಡಿದರೆ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಬೀಸಿಕೊಂಡು, ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು.

“ಯಾಕತ್ತೆ, ಕೋಣೇಲಿ ಮಲಗಬಾರದಾ?”

“ಇಲ್ಲೇ ಹಾಯಾಗಿದೆ ಅಳಿಯಂದ್ರೇ” ಎಂದು ಹಲ್ಲು ಕಚ್ಚಿಕೊಂಡೇ ಹೇಳುತ್ತಿದ್ದರು. ವಯಸ್ಸಾದವರಿಗೆ ಸೆಕೆಯೇ ಇಷ್ಟ ಎಂದು ನಾನು ತೀರ್ಮಾನಿಸಿದೆ.

ಆರನೆಯ ವಾರ. ಬೆಳಿಗ್ಗೆ ಸ್ಪ್ರೇ ಹಿಡಿದು ಹೋದವನು ಅಲ್ಲೇ ನಿಂತೆ. ಬುಡದ ಹಳೆಯ ತೊಗಟೆಯನ್ನು ಸೀಳಿಕೊಂಡು ಸಾಸಿವೆಯಷ್ಟು ದಪ್ಪದ ಕೆಂಪು ಚುಕ್ಕೆಗಳು! ಒಂದು, ಎರಡು, ಏಳು! ನಾನು ಕೂಗಿದ ಕೂಗಿಗೆ ಎದುರು ಮನೆಯ ವಕೀಲರು ಕಿಟಕಿಯ ಪತ್ರಿಕೆ ಹರಿದುಕೊಂಡು ಇಣುಕಿದರು. ಹೆಂಡತಿ ಓಡಿ ಬಂದಳು, ಅತ್ತೆ ಟವೆಲ್ ಸಮೇತ ಓಡಿ ಬಂದರು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನನ್ನನ್ನು ಯಾಕೆ ತಬ್ಬಿಕೊಳ್ಳಲಿಲ್ಲ ಎಂದು ಸ್ವಲ್ಪ ಬೇಜಾರಾಯಿತು.

ಇನ್ನೆರಡು ವಾರದಲ್ಲಿ ಚಿಗುರು ಎಲೆಯಾಯಿತು. ಆ ಎರಡು ವಾರ ನಾನು ಯಾರ ಮನೆಗೆ ರಿಪೇರಿಗೆ ಹೋದರೂ ಮೊದಲು ಹತ್ತು ನಿಮಿಷ ಮರದ ಉಪನ್ಯಾಸ, ಆಮೇಲೆ ರಿಪೇರಿ. ಒಬ್ಬಾಕೆ, “ಡಾಕ್ಟ್ರೇ, ಇಲ್ಲಿ ನಾವು ಬೇಯ್ತಾ ಇದ್ದೀವಿ” ಎಂದು ಕೈಮುಗಿದರೂ ಬೇರಿನ ಅಧ್ಯಾಯ ಮುಗಿಸದೆ ನಾನು ಸ್ಕ್ರೂಡ್ರೈವರ್ ಎತ್ತಲಿಲ್ಲ.

ಕೊನೆಗೆ ಮೇಷ್ಟ್ರು ಬಂದರು. ಕಣ್ಣಿಗೆ ಕಪ್ಪು ಕನ್ನಡಕ. ಬಾಲ್ಕನಿಗೆ ಬಂದು ಕನ್ನಡಕ ತೆಗೆದು, ಮರದ ಮುಂದೆ ನಿಂತರು. ಚಿಗುರನ್ನು ಬೆರಳ ತುದಿಯಿಂದ ಮುಟ್ಟಿದರು. “ಬದುಕಿದೆ” ಎಂದರು. “ಹೌದು ಮೇಷ್ಟ್ರೇ” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸುವ ಪೈಕಿಯಲ್ಲ. ಬಿಸಿಲಿನ ಭೀಕರತೆ, ವಕೀಲರ ಗಾಜು, ನನ್ನ ತಟ್ಟೆ, ನನ್ನ ಮಂಜು, ನನ್ನ ಚಾರ್ಟು ಎಲ್ಲವನ್ನೂ ವರ್ಣಿಸಿದೆ. ಹೆಂಡತಿ ಮತ್ತು ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಮೇಷ್ಟ್ರು ಹೊಸ ಕಣ್ಣಿನಿಂದ ಮರದ ಹಿಂಬದಿ ನೋಡಿದರು, ಗೋಡೆ ನೋಡಿದರು. “ಈ ಹಸಿರು ಪಟ್ಟಿ ಚೆನ್ನಾಗಿದೆಯಲ್ಲ. ಇದರ ಹಿಂದೆ ಏನಪ್ಪಾ ಇದೆ?”

ಹೊಗಳಿಕೆ ಕಿವಿಗೆ ಬಿದ್ದದ್ದೇ ತಡ, ಎದೆಯುಬ್ಬಿಸಿ ಹೇಳಿದೆ: “ಅದಾ ಮೇಷ್ಟ್ರೇ? ಅದೂ ನನ್ನದೇ ಕೈಚಳಕ. ಒಳಗಡೆ ನಮ್ಮ ಎ.ಸಿ. ...”

“ಪಾತ್ರೆ!” ಎಂದರು ಅತ್ತೆ. ಎಂಟು ವಾರದ ಸೇಡು ಆ ಒಂದು ಮಾತಿನಲ್ಲಿತ್ತು.

ನನ್ನ ಬಾಯಿ ತೆರೆದೇ ಇತ್ತು. ಆ ಎರಡಕ್ಷರ ಬಾಯಿಂದ ಹೊರಬಿದ್ದ ಮೇಲೆ ನನ್ನ ತಲೆಗೆ ಹೋಯಿತು. ಪಟ್ಟಿ ನೋಡಿದೆ, ಮರ ನೋಡಿದೆ, ನಡುವಿನ ಒಂದು ಮೊಳ ಜಾಗ ನೋಡಿದೆ.

“ಮೊದಲನೇ ದಿನ ಕ್ಲಾಸಲ್ಲಿ ನಿಂಗೆ ಏನು ಹೇಳಿಕೊಟ್ಟಿದ್ದೆ?” ಎಂದರು ಮೇಷ್ಟ್ರು, ಬಹಳ ಮೆಲ್ಲಗೆ.

“ತಂಪನ್ನ ಯಾರೂ ಹುಟ್ಟಿಸೋಕಾಗಲ್ಲ” ಎಂದು ಒಪ್ಪಿಸಿದೆ. “ಒಳಗಿನ ಬಿಸೀನ ಹೊರಗೆ ಸಾಗಿಸಬೇಕು ಅಷ್ಟೇ. ಸಾಗಿಸಿದ ಬಿಸಿ ಯಾರ ಮೇಲೆ ಬೀಳುತ್ತೆ ಅಂತ ಮೊದಲು ನೋಡಬೇಕು.”

“ನೋಡಿದ್ಯಾ?”

“ಇಲ್ಲ ಮೇಷ್ಟ್ರೇ.”

ಅವರು ನನ್ನ ಹೆಂಡತಿಯ ಕಡೆ ತಿರುಗಿದರು. “ಇದು ದಿನಾ ಎಷ್ಟು ಹೊತ್ತು ಓಡುತ್ತಮ್ಮಾ?”

“ಮುಂಚೆ ಹನ್ನೆರಡರಿಂದ ಐದರ ತನಕ ಓಡ್ತಿತ್ತು. ಆ ಭಾನುವಾರದಿಂದ ಇವತ್ತಿನವರೆಗೆ ಒಂದು ನಿಮಿಷವೂ ಓಡಿಲ್ಲ. ಅಮ್ಮ ರಿಮೋಟನ್ನ ದಿಂಬಿನ ಕೆಳಗೆ ಬಚ್ಚಿಟ್ಟಿದ್ದಾರೆ.” ನನ್ನ ಕಡೆ ತೋರಿಸಿ ಹೇಳಿದಳು: “ಹೇಳೋಣ ಅಂತ ಹೋದೆ. ಪಾತ್ರೆ ತೊಳೆಸಿದ್ರು. ಆಮೇಲೆ ಚಾರ್ಟು ಬರೀತಾ ಅಷ್ಟು ಖುಷಿಯಾಗಿದ್ರು, ಮನಸ್ಸು ಬರಲಿಲ್ಲ.”

ಎಂಟು ವಾರ! ಆ ಮುದುಕಿ ಒದ್ದೆ ಟವೆಲ್ಲಿನಲ್ಲಿ ಬೇಸಿಗೆ ಕಳೆದದ್ದು ನನ್ನ ಮೇಷ್ಟ್ರ ಮರಕ್ಕಾಗಿ. ನಾನು ಬಿಸಿನೀರಿನ ಆರೋಪ ಹೊರಿಸಿದ್ದು ಅವರ ಮೇಲೆ. ನಾಚಿಕೆಯಿಂದ ನನ್ನ ಮುಖ ಕಂದು ಬಣ್ಣಕ್ಕೆ ತಿರುಗಿರಬೇಕು. ಆದರೆ ಒಳಗೊಳಗೇ, ನಿಮ್ಮಾಣೆ, ಹೆಮ್ಮೆಯೂ ಉಕ್ಕಿತು. ಇಂಥ ಹೆಂಡತಿ, ಇಂಥ ಅತ್ತೆ ಊರಿನಲ್ಲಿ ಯಾವ ಮೆಕ್ಯಾನಿಕ್ಕಿಗಿದ್ದಾರೆ ಹೇಳಿ?

ಮೇಷ್ಟ್ರು ತಂತಿ ಬಿಚ್ಚಿಸಿ ಮರವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. “ಇನ್ಮೇಲೆ ಇದು ನಿಂದಮ್ಮ.” ಆಮೇಲೆ ಖಾಲಿಯಾದ ಜಾಗ ತೋರಿಸಿ ನನಗೆ ಹೇಳಿದರು: “ನೀನು ಅಲ್ಲಿ ನಿಲ್ಲು. ಹೆಚ್ಚೇನಿಲ್ಲ, ಹತ್ತೇ ನಿಮಿಷ. ಪ್ರಾಕ್ಟಿಕಲ್ ಪರೀಕ್ಷೆ.”

ಅತ್ತೆ ಮಂಡಿ ನೋವು ಮರೆತು ಓಡಿ ರಿಮೋಟ್ ತಂದರು. ಹದಿನಾರು ಡಿಗ್ರಿಗೆ ಒತ್ತಿದ್ದು ಬಾಲ್ಕನಿಗೇ ಕೇಳಿಸಿತು. ಪಟ್ಟಿಗಳ ಹಿಂದೆ ಗೊರಗೊರ ಶುರುವಾಯಿತು. ಬಿಸಿಗಾಳಿ ಮುಖಕ್ಕೆ ರಾಚಿತು. ಎರಡು ನಿಮಿಷಕ್ಕೆ ಮೀಸೆ ಒಣಗಿತು, ನಾಲ್ಕಕ್ಕೆ ತುಟಿ ಒಡೆಯಿತು, ಆರಕ್ಕೆ ನಾನು ಮರದ ಕ್ಷಮೆ ಕೇಳಿದೆ. ಅದು ದಿನಕ್ಕೆ ಐದು ಗಂಟೆಯ ಹಾಗೆ ಹನ್ನೊಂದು ದಿನ ನಿಂತಿತ್ತಲ್ಲ! ಒಳಗೆ ಮೂವರೂ ತಣ್ಣಗೆ ಕೂತು ಶರಬತ್ತು ಕುಡಿಯುವ ಸದ್ದು ಕೇಳಿಸುತ್ತಿತ್ತು.

ಹತ್ತನೆಯ ನಿಮಿಷಕ್ಕೆ ಬಾಗಿಲು ತೆರೆಯಿತು. ಹೆಂಡತಿ ಬಂದಳು, ಕೈಯಲ್ಲಿ ನನ್ನ ಸ್ಪ್ರೇ ಬಾಟಲಿ. ಮುಖಕ್ಕೆ ಎರಡು ಸಲ ಮಂಜು ಹೊಡೆದಳು. ಅತ್ತೆ ಒಳಗಿಂದಲೇ ಕೂಗಿದರು: “ಹೇಗಿದ್ದಾರೆ ಅಳಿಯಂದ್ರು? ಉಳೀತಾರಾ?”

ನನ್ನವಳು ನನ್ನ ಮುಂಗೈ ಹಿಡಿದು, ಉಗುರಿನಿಂದ ಚೂರೇ ಚೂರು ಕೆರೆದು, ಬಗ್ಗಿ ನೋಡಿದಳು.

“ಒಳಗೆ ಸ್ವಲ್ಪ ಹಸಿರಿದೆ ಅಮ್ಮ. ಚಿಗುರ್ತಾರೆ” ಎಂದಳು. “ಪಾತ್ರೆ ಸಿಂಕಿನಲ್ಲಿ ನೆನೆಹಾಕಿದ್ದೀನಿ.”