ನಿಶ್ಶಬ್ದ ಕೋಣೆಯ ಕಾಮಗಾರಿ

ಗೋವಾದ ಸಡಾ ಗುಡ್ಡದ ಮೇಲಿನ ಕಿವಿ-ಮೂಗು-ಗಂಟಲು ಉಪಕೇಂದ್ರದಲ್ಲಿ ಮೂಗು ನೋಡುತ್ತಾರೆ, ಗಂಟಲು ನೋಡುತ್ತಾರೆ. ಕಿವಿಗೆ ಬಂದವರ ಹೆಸರನ್ನು ಮಾತ್ರ ಬರೆದಿಟ್ಟುಕೊಳ್ಳುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಕಿವಿ ಪರೀಕ್ಷಿಸುವ ಯಂತ್ರ ಬಂದು ಎರಡು ವರ್ಷವಾಗಿತ್ತು. ಅದನ್ನು ಸದ್ದಿಲ್ಲದ ಕಡೆಯೇ ನಡೆಸಬೇಕೆಂದು ಅದರ ಜೊತೆ ಬಂದ ಪುಸ್ತಕದಲ್ಲಿತ್ತು. ಕೆಳಗೆ ಬಂದರು, ಪಕ್ಕಕ್ಕೆ ಟ್ರಕ್ಕುಗಳು ಗೇರು ಬದಲಿಸುವ ತಿರುವು. ಸದ್ದಿಲ್ಲದ ಜಾಗ ಗುಡ್ಡದ ದಾಸ್ತಾನಿನಲ್ಲಿ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಎದುರು ಜೋಳದ ರೊಟ್ಟಿ ಮಾರುವ ಲಕ್ಷ್ಮವ್ವನಿಗೆ ಇದು ಸರಿಯಾಗಿಯೇ ಅರ್ಥವಾಯಿತು. ತಕ್ಕಡಿ ಬಂದಿದೆ, ಇಡಲು ಸಮನಾದ ನೆಲ ಸಿಕ್ಕಿಲ್ಲ; ವ್ಯಾಪಾರದಲ್ಲಿ ಇಂಥದ್ದು ಇದ್ದದ್ದೇ. ಆದರೆ ಅವಳ ಗಂಡ ಚಂದಪ್ಪನದು ಕೆಡುವ ಮಾಲು. ಹತ್ತೊಂಬತ್ತು ವರ್ಷ ಕಲ್ಲು ಒಡೆಯುವ ಬ್ರೇಕರ್ ಮಷೀನು ನಡೆಸಿ ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಊಟಕ್ಕೆ ಕೂತಾಗ ಅವಳು ಅವನ ಬಲಕ್ಕೇ ಕೂತು ದಿನದ ಗಿರಾಕಿಗಳ ಸುದ್ದಿ ಹೇಳುತ್ತಿದ್ದಳು, ಅವನು ನಗುತ್ತಿದ್ದ. ಆ ಮನೆಯಲ್ಲಿ ಟಿವಿ ಇರಲಿಲ್ಲ, ಅದರ ಗರಜೂ ಬಿದ್ದಿರಲಿಲ್ಲ.

ಪ್ರತಿ ಗುರುವಾರ ಬರುವ ಡಾಕ್ಟರ್ ಗೌತಮಿ, ಮೂಲ ಧಾರವಾಡದವರು, ಸ್ಪಷ್ಟವಾಗಿ ಹೇಳಿದ್ದರು: "ಹೋದದ್ದು ಬರೂದಿಲ್ರಿ. ಇದ್ದದ್ದನ್ನ ಉಳಿಸಬಹುದು, ಕಿವಿಗೊಂದು ಸಣ್ಣ ಮಷೀನ್ ಹಾಕಿದ್ರ ಚಲೋ ಕೇಳಸ್ತದ. ಆದ್ರ ಎಷ್ಟು ಉಳದದ ಅಂತ ತಪಾಸಣಿ ಆಗಬೇಕು. ಅಲ್ಲೀತನಕ ಬ್ರೇಕರ್ ಹತ್ತಬ್ಯಾಡ್ರಿ."

ಚಂದಪ್ಪ ಬ್ರೇಕರ್ ಬಿಟ್ಟು ಬಂದರಿನ ಹಮಾಲಿಗೆ ಹೋದ. ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿದರೆ, "ನಿಮ್ಮ ಗುಡ್ಡಕ್ಕೆ ಯಂತ್ರ ಕೊಟ್ಟಾಗಿದೆ, ಅಲ್ಲೇ ಹೋಗಿ" ಎಂದರು. ಅದೂ ನ್ಯಾಯವೇ.

ಉಪಕೇಂದ್ರ ಕೈಕಟ್ಟಿ ಕೂತಿರಲಿಲ್ಲ. ಮೊದಲು ಒಂದು ಪ್ರಕಟಣೆ ಹೊರಟಿತು: "ಗುರುವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂವರೆಯವರೆಗೆ ಗುಡ್ಡದ ಸಮಸ್ತ ಸದ್ದುಗಳು ಸಾರ್ವಜನಿಕ ಹಿತದೃಷ್ಟಿಯಿಂದ ಸಹಕರಿಸತಕ್ಕದ್ದು." ಇದನ್ನು ಸಾರಲು ಗುರುವಾರ ಬೆಳಿಗ್ಗೆ ರಿಕ್ಷಾಕ್ಕೆ ಎರಡು ಭೋಂಗಾ ಮೈಕು ಕಟ್ಟಿದರು. ಬಾಡಿಗೆ ಮಧ್ಯಾಹ್ನದವರೆಗೆ ಕೊಟ್ಟಿದ್ದರಿಂದ ರಿಕ್ಷಾದವನು ಮಧ್ಯಾಹ್ನದವರೆಗೂ ಸಾರಿದ. ಪ್ರಾಮಾಣಿಕ ಮನುಷ್ಯ.

ಆಮೇಲೆ ನಿಶ್ಶಬ್ದ ಕೋಣೆ ಮಂಜೂರಾಯಿತು. ಹೊರಗಿನ ಸದ್ದು ಒಳಗೆ ಬರದಂತೆ ಅದನ್ನು ಗುಡ್ಡದ ಬಂಡೆಯೊಳಗೇ ಕೊರೆದು ಕಟ್ಟಬೇಕೆಂದು ನಕ್ಷೆ ಹೇಳಿತು. ಗುತ್ತಿಗೆದಾರ ಬಂಡು ರೊಟ್ಟಿ ಅಂಗಡಿಗೇ ಬಂದ.

"ಲಕ್ಷ್ಮಕ್ಕಾ, ಕಲ್ಲು ಭಾಳ ಘಟ್ಟಿ ಐತಿ. ಬ್ಯಾರೇದವರು ಹತ್ತಿದ್ರ ವರ್ಷ ಹಿಡೀತೈತಿ. ಚಂದಪ್ಪಣ್ಣ ಹತ್ತಿದ್ರ ಮೂರು ತಿಂಗಳು."

ಅವಳು ಕೈಯ ಹಿಟ್ಟು ಒರೆಸಿಕೊಂಡು ನೇರ ಉಪಕೇಂದ್ರದ ಗುಮಾಸ್ತ ಗುರುಕಿರಣನ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಮಷೀನ್ ಹತ್ತಿದ್ರ ಕಿವಿ ಹೋಗತೈತಿ ಅಂತ ಡಾಕ್ಟರ್‌ಬಾಯಿ ಅಂದಾರ."

"ಖರೇ ಅಂದಾರ."

"ಹತ್ತಲಿಲ್ಲಂದ್ರ ಕೋಣಿ ಲಗೂ ಆಗೂದಿಲ್ಲ."

"ಅದೂ ಖರೇ."

"ಕೋಣಿ ಆಗಲಿಲ್ಲಂದ್ರ ತಪಾಸಣಿ ಇಲ್ಲ."

"ನೋಡವಾ, ನಿನಗ ಫೈಲ್ ಪೂರ್ತಿ ತಿಳದದ! ನಮ್ಮ ಮ್ಯಾಲಿನವರಿಗೆ ಇಷ್ಟು ತಿಳಿಯಾಕ ಎರಡು ವರ್ಷ ಬೇಕಾತು."

ಲಕ್ಷ್ಮವ್ವ ಮನಸ್ಸಿನಲ್ಲೇ ತೂಗಿದಳು. ಬಂದರಿನಲ್ಲೂ ಸದ್ದು ಕಡಿಮೆಯಿಲ್ಲ. ವರ್ಷ ಕಾದರೆ ಕಿವಿ ನಿಧಾನಕ್ಕೆ ಸವೆಯುತ್ತದೆ, ಮಷೀನು ಹತ್ತಿದರೆ ಬೇಗ ಸವೆಯುತ್ತದೆ, ಆದರೆ ತಪಾಸಣೆಯೂ ಬೇಗ. ಮೂರು ತಿಂಗಳಿಗೆ ಎಲ್ಲಾ ಹೋಗಲಿಕ್ಕಿಲ್ಲ. ಆ ರಾತ್ರಿ ಊಟದ ಹೊತ್ತಿಗೆ ಅವನ ಬಲಗಿವಿಗೆ ಬಾಯಿಟ್ಟು, "ಹತ್ತು," ಎಂದಳು.

ಚಂದಪ್ಪ ಹನ್ನೊಂದೇ ವಾರದಲ್ಲಿ ಬಂಡೆ ಕೊರೆದು ಕೊಟ್ಟ. ಅಂಥ ಕೆಲಸ ಗುಡ್ಡ ಕಂಡಿರಲಿಲ್ಲ. ಉದ್ಘಾಟನೆಗೆ ಹೊರಗೆ ಬ್ಯಾಂಡು ಬಾರಿಸಿ ಪಟಾಕಿ ಸಿಡಿಸಿದರು. ಒಳಗೆ ನಿಂತ ಮುಖ್ಯ ಅತಿಥಿಗಳಿಗೆ ಏನೂ ಕೇಳಿಸಲಿಲ್ಲವಾಗಿ, ಕಾರ್ಯಕ್ರಮ ಇನ್ನೂ ಶುರುವಾಗಿಲ್ಲವೆಂದು ತಿಳಿದು ಅವರು ಒಂದು ತಾಸು ಅಲ್ಲೇ ಕೂತಿದ್ದರು. ಕೋಣೆಯ ಗುಣಮಟ್ಟ ಹೀಗೆ ಸ್ಥಳದಲ್ಲೇ ಸಾಬೀತಾಯಿತು.

ಮೊದಲ ಸರದಿ ಚಂದಪ್ಪನದೇ. ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಲು ಕೈಸನ್ನೆಯಿಂದ ತಿಳಿಸಿದರು. ಗಾಜಿನ ಈಚೆ ಲಕ್ಷ್ಮವ್ವ ನಿಂತಿದ್ದಳು. ಗೌತಮಿ ಯಂತ್ರದ ತಿರುಗಣಿ ತಿರುವಿದಾಗಲೆಲ್ಲ ಲಕ್ಷ್ಮವ್ವನ ಹೆಬ್ಬೆರಳು ತಾನಾಗಿ ಸೆರಗಿನ ತುದಿಯನ್ನು ಒತ್ತುತ್ತಿತ್ತು. ಚಂದಪ್ಪನ ಹೆಬ್ಬೆರಳು ಒಮ್ಮೆಯೂ ಅಲುಗಲಿಲ್ಲ. ಅವನು ಭಾಳ ಶಿಸ್ತಿನಿಂದ ಕಾಯುತ್ತಿದ್ದ.

"ಎರಡೂ ಹೋಗ್ಯಾವ್ರಿ," ಎಂದರು ಗೌತಮಿ. "ಇನ್ನ ಆ ಸಣ್ಣ ಮಷೀನಿಂದನೂ ಉಪಯೋಗಿಲ್ಲ. ನಾ ಹತ್ತಬ್ಯಾಡ ಅಂದಿದ್ದೆ."

"ಕೋಣಿ ಮತ್ಯಾರು ಕೊರೀಬೇಕಿತ್ರಿ ಬಾಯಾರ?"

ಗೌತಮಿ ತಪಾಸಣೆಯ ಕಾಗದಕ್ಕೆ ಸಹಿ ಹಾಕಿ ಗುರುಕಿರಣನ ಕಡೆ ಸರಿಸಿದರು.

ಗುರುಕಿರಣ ಮಾತ್ರ ಖುಷಿಯಾಗಿದ್ದ. "ಚಿಂತಿ ಬಿಡವಾ. ಅರ್ಧ ಕಿವುಡಿಗೆ ನಮ್ಮಲ್ಲಿ ಫಾರ್ಮೇ ಇರಲಿಲ್ಲ. ಪೂರ್ತಿಗೆ ಅದ. ಕೇಸು ಸರಳ ಆತು." ಅಲ್ಲೇ ಸರ್ಟಿಫಿಕೇಟು ಬರೆದು ಠಸ್ಸೆ ಒತ್ತಿದ: "ಸದರಿಯವರಿಗೆ ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲವಾದ ಕಾರಣ, ಎಲ್ಲ ಬಗೆಯ ಸದ್ದಿನ ಕೆಲಸಕ್ಕೆ ಯೋಗ್ಯರೆಂದು ದೃಢೀಕರಿಸಲಾಗಿದೆ."

ಎರಡನೇ ಸರದಿ ಮಾನಪ್ಪನದು. ಅವನೂ ಬ್ರೇಕರಿನವನೇ; ಎಡಗಿವಿ ಹೋಗಿದ್ದರೂ, ಹತ್ತಿ ತುರುಕಿ ಕಾಪಾಡಿಕೊಂಡ ಬಲಗಿವಿ ಚೆನ್ನಾಗಿ ಕೇಳುತ್ತಿದ್ದುದರಿಂದ ಫಾರ್ಮು ಸಿಗದೆ ಬರಿಗೈಲಿ ಹೊರಬಂದ.

ಕೋಣೆಯ ಯಶಸ್ಸು ಮೇಲಿನವರೆಗೆ ಮುಟ್ಟಿ, ಮಡಗಾಂವಿನ ಮೋತಿ ಡೊಂಗರ್ ಗುಡ್ಡಕ್ಕೂ ಅಂಥದ್ದೇ ಕೋಣೆ ಮಂಜೂರಾಯಿತು. ಕಾರ್ಮಿಕರ ಕಿವಿಯ ಕಾಳಜಿಯಿಂದ ಈ ಸಲ ಹೊಸ ನಿಯಮ: ಸರ್ಟಿಫಿಕೇಟು ಇದ್ದವರನ್ನೇ ಬ್ರೇಕರಿಗೆ ಹತ್ತಿಸತಕ್ಕದ್ದು. ಗೋವಾದ ಅಷ್ಟೂ ಗುಡ್ಡಗಳಲ್ಲಿ ಅಂಥವನು ಚಂದಪ್ಪನೊಬ್ಬನೇ. ಬಂಡು ಮುಂಜಾನೆಯೇ ಗಾಡಿ ಕಳಿಸಿದ. ಮಾನಪ್ಪ ಅಡ್ಡ ನಿಂತ.

"ಬಂಡುಶೇಟ್, ನನ್ನನ್ನೂ ಚಂದಪ್ಪಣ್ಣನ ಕೈಕೆಳಗ ಹಾಕ್ರಿ. ನನ್ನ ಕೇಸೂ ಸರಳ ಆಗಲಿ."

ಬಂಡು ಗುರುಕಿರಣನಿಗೆ ಫೋನು ಹಚ್ಚಿದ. ತರಬೇತಿ ಎಂದು ಬರೆದರೆ ನಿಯಮಕ್ಕೆ ಬಾಧಕವಿಲ್ಲವೆಂದು ಉತ್ತರ ಬಂತು.

"ಮೂರು ತಿಂಗಳು ಸಾಕಪಾ ಮಾನಪ್ಪ," ಎಂದಳು ಲಕ್ಷ್ಮವ್ವ, ಅನುಭವಸ್ಥಳಂತೆ, ಬುತ್ತಿಗೆ ಇನ್ನೆರಡು ರೊಟ್ಟಿ ಸೇರಿಸುತ್ತ.

ಮಾನಪ್ಪ ಬಲಗಿವಿಯಲ್ಲಿದ್ದ ಹತ್ತಿ ತೆಗೆದು ಕಿಸೆಯಲ್ಲಿಟ್ಟುಕೊಂಡು ಗಾಡಿ ಹತ್ತಿದ.